ಕೊಂಕು ನುಡಿಯುವವರ ಪರವಾಗಿ

ತಂತ್ರಜ್ಞಾನ ಲೋಕದಿಂದ ದೊಡ್ಡ ಸುದ್ದಿ ಬಂದಾಗಲೆಲ್ಲ ನಡೆಯುವುದು ಇಷ್ಟು: ಕಂಪನಿಯ ಮುಖ್ಯಸ್ಥರು ವೇದಿಕೆಯ ಮೇಲೆ ಹೇಳಿದ್ದನ್ನು ಪತ್ರಿಕೆಗಳು ಹೆಚ್ಚುಕಡಿಮೆ ಹಾಗೆಯೇ ಅಚ್ಚು ಹಾಕುತ್ತವೆ, ಷೇರುಪೇಟೆ ಹಿಗ್ಗುತ್ತದೆ, ಎಂಜಿನಿಯರಿಂಗ್ ಕಾಲೇಜುಗಳು ಹೊಸ ಕೋರ್ಸಿನ ಜಾಹೀರಾತು ಬರೆಸುತ್ತವೆ. ಆ ಸುದ್ದಿಯಲ್ಲಿರುವ ವಸ್ತುವನ್ನು ನಾಳೆ ಕಟ್ಟಬೇಕಾದ, ಕಟ್ಟಿದ ಮೇಲೆ ಅಪರಾತ್ರಿಯಲ್ಲಿ ಎದ್ದು ಸರಿಪಡಿಸಬೇಕಾದ ಡೆವಲಪರ್‌ಗಳು ಮಾತ್ರ ಒಂದು ಸಾಲಿನ ಕೊಂಕು ಆಡಿ ತಮ್ಮ ಕೆಲಸಕ್ಕೆ ಮರಳುತ್ತಾರೆ. ಈ ಕೊಂಕಿನ ಬಗ್ಗೆ ತೀರ್ಪು ಆಗಲೇ ಆಗಿಹೋಗಿದೆ. ಮ್ಯಾನೇಜರುಗಳಿಗೆ ಅದು ನಕಾರಾತ್ಮಕ ಮನೋಭಾವ. ಹೂಡಿಕೆದಾರರಿಗೆ ಅದು ಕೆಲಸ ಕಳೆದುಕೊಳ್ಳುವವರ ಭಯ. ಹೊರಗಿನವರಿಗೆ ಕೈತುಂಬ ಸಂಬಳ ಎಣಿಸುವವರ ಕೊಬ್ಬು. ಮೂರು ತೀರ್ಪುಗಳೂ ಆಡಿದವನ ಮನಸ್ಸನ್ನು ಕೆದಕುತ್ತವೆಯೇ ಹೊರತು, ಆಡಿದ ಮಾತು ನಿಜವೇ ಎಂದು ಒಮ್ಮೆಯಾದರೂ ಪರೀಕ್ಷಿಸುವುದಿಲ್ಲ. ಪರೀಕ್ಷಿಸಿದರೆ ಬೇರೆಯೇ ಚಿತ್ರ ಕಾಣುತ್ತದೆ. ಈ ಕೊಂಕು ಬಹುಮಟ್ಟಿಗೆ ತಾಂತ್ರಿಕ ವಿಮರ್ಶೆಯ ಅಡಕ ರೂಪ. ವಸ್ತುವೊಂದು ಎಲ್ಲಿ ಹೇಗೆ ಕೆಡುತ್ತದೆ ಎಂಬ ಪ್ರಶ್ನೆಯಲ್ಲಿ ಕೊಂಕಿನ ಚರಿತ್ರೆ ಕಂಪನಿಗಳ ಘೋಷಣೆಗಳ ಚರಿತ್ರೆಗಿಂತ ಎಷ್ಟೋ ಮೇಲು.

ಈ ವೃತ್ತಿಯಲ್ಲಿ ತಮಾಷೆಗೂ ತಾಂತ್ರಿಕ ಬರಹಕ್ಕೂ ನಡುವಿನ ಗೋಡೆ ಮೊದಲಿನಿಂದಲೂ ತೆಳು. ಅಂತರ್ಜಾಲದ ನಿಯಮಗಳನ್ನು ದಾಖಲಿಸುವ ಆರ್‌ಎಫ್‌ಸಿ ಸರಣಿಯಲ್ಲಿ ಏಪ್ರಿಲ್ 1ರಂದು ಹುಸಿ ದಾಖಲೆ ಪ್ರಕಟಿಸುವ ಸಂಪ್ರದಾಯವೇ ಇದೆ. 1990ರ ಒಂದು ದಾಖಲೆ ಪಾರಿವಾಳಗಳ ಕಾಲಿಗೆ ಡೇಟಾ ಕಟ್ಟಿ ಕಳಿಸುವ ವಿಧಾನವನ್ನು ಗಂಭೀರವಾಗಿ ವಿವರಿಸಿತು. 2001ರಲ್ಲಿ ನಾರ್ವೆಯ ಬರ್ಗನ್ ನಗರದ ಉತ್ಸಾಹಿಗಳು ಅದನ್ನು ನಿಜವಾಗಿಯೂ ಮಾಡಿ ನೋಡಿದರು, ಕಳಿಸಿದ ಒಂಬತ್ತು ಪ್ಯಾಕೆಟ್‌ಗಳಲ್ಲಿ ನಾಲ್ಕಕ್ಕೆ ಉತ್ತರ ಬಂತು. ಅದು ಬರೀ ಮೋಜು, ಬಿಡಿ. ಆದರೆ ಭದ್ರತಾ ತಜ್ಞ ಸ್ಟೀವನ್ ಬೆಲೊವಿನ್ 2003ರಲ್ಲಿ ಬರೆದ 3514ನೆಯ ಆರ್‌ಎಫ್‌ಸಿಯನ್ನು ಹಾಗೆ ತಳ್ಳಿಹಾಕುವಂತಿಲ್ಲ. ಅಂತರ್ಜಾಲದಲ್ಲಿ ಓಡಾಡುವ ಪ್ರತಿ ಪ್ಯಾಕೆಟ್‌ನಲ್ಲೂ ಒಂದು ಬಿಟ್ ಮೀಸಲಿಡೋಣ, ದಾಳಿಕೋರರು ಅದನ್ನು 1 ಎಂದೂ ಸಜ್ಜನರು 0 ಎಂದೂ ಗುರುತು ಮಾಡಲಿ, ಆಗ ಫೈರ್‌ವಾಲ್‌ಗಳ ಕೆಲಸ ಸಲೀಸು ಎಂಬುದು ಅದರ ಸಲಹೆ. ಓದಿ ನಕ್ಕವರಿಗೆಲ್ಲ ಅರ್ಥವಾದ ಸಂಗತಿ ಒಂದೇ: ಕಳ್ಳ ತಾನೇ ಬಂದು ಕೈ ಎತ್ತುತ್ತಾನೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಭದ್ರತೆ ನಿಲ್ಲುವುದಿಲ್ಲ. ಎರಡು ದಶಕಗಳ ಬಳಿಕ, ವೆಬ್‌ಸೈಟಿನ ಒಂದು ಪುಟ್ಟ ಕಡತದಲ್ಲಿ ‘ದಯವಿಟ್ಟು ಒಳಗೆ ಬರಬೇಡಿ’ ಎಂದು ಬರೆದಿಟ್ಟರೆ ಮಾಹಿತಿ ಹೆಕ್ಕುವ ಕ್ರಾಲರ್‌ಗಳೆಲ್ಲ ಮರ್ಯಾದೆಯಿಂದ ಹಿಂದಿರುಗುತ್ತವೆ ಎಂಬ ಭರವಸೆ ಕುಸಿದಾಗ, ಆ ಹಳೆಯ ತಮಾಷೆಯಲ್ಲಿದ್ದ ವಾದವನ್ನೇ ಜಗತ್ತು ಗಂಭೀರ ಮುಖದಿಂದ ಮತ್ತೆ ಕಂಡುಕೊಂಡಿತು.

ಡೆವಲಪರ್‌ಗಳ ನಡುವೆ ಹಳಸಿಹೋದ ಇನ್ನೊಂದು ಮಾತಿದೆ: ಏನು ಕೆಟ್ಟರೂ ತಪ್ಪು ಕೊನೆಗೆ ಡಿಎನ್‌ಎಸ್‌ನದೇ. ಹೆಸರನ್ನು ಕೊಟ್ಟರೆ ಯಂತ್ರದ ವಿಳಾಸ ಹೇಳುವ ಈ ವ್ಯವಸ್ಥೆ ಎಷ್ಟು ಹಳೆಯದೋ, ಎಷ್ಟು ಅಗೋಚರವೋ, ಅಷ್ಟೇ ಅನಿವಾರ್ಯ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಮ್ ಸುಮಾರು ಆರು ಗಂಟೆ ಸತ್ತಂತೆ ಬಿದ್ದಿದ್ದವು. ಮೂಲ ತಪ್ಪು ಒಳಜಾಲವನ್ನು ಕಡಿದುಹಾಕಿದ ಒಂದು ನಿರ್ವಹಣಾ ಆದೇಶದ್ದು. ಆದರೆ ಅದರ ಬೆನ್ನಿಗೇ ಕಂಪನಿಯ ಡಿಎನ್‌ಎಸ್ ಸರ್ವರ್‌ಗಳು ಹೊರಜಗತ್ತಿಗೆ ಕಾಣದಂತಾದವು. 2025ರ ಅಕ್ಟೋಬರ್ 20ರಂದು ಅಮೆಜಾನಿನ ವರ್ಜೀನಿಯಾ ಕೇಂದ್ರ ಕೈಕೊಟ್ಟು ನೂರಾರು ಸೇವೆಗಳು ಒಟ್ಟಿಗೆ ನಿಂತಾಗ ಕಾರಣ ಇನ್ನೂ ನೇರವಾಗಿತ್ತು: ಡಿಎನ್‌ಎಸ್ ದಾಖಲೆಗಳನ್ನು ನೋಡಿಕೊಳ್ಳುವ ಸ್ವಯಂಚಾಲಿತ ಪ್ರಕ್ರಿಯೆಗಳು ಒಂದರ ಮೇಲೊಂದು ಬಿದ್ದು, ಡೈನಮೊಡಿಬಿ ಎಂಬ ಡೇಟಾಬೇಸ್ ಸೇವೆಯ ವಿಳಾಸವನ್ನೇ ಖಾಲಿ ಮಾಡಿದ್ದವು. ಕ್ಲೌಡ್ ಎಂದರೆ ಬೇರೆಯವರ ಕಂಪ್ಯೂಟರ್ ಅಷ್ಟೇ ಎಂಬ ಗೊಣಗಾಟವೂ ಅಂದು ಎಲ್ಲರಿಗೂ ಅರ್ಥವಾಯಿತು. ಕ್ಲೌಡ್ ಎಂದರೆ ಎಲ್ಲೆಡೆ ಹರಡಿದ, ಎಲ್ಲಿಯೂ ಮುರಿಯದ ಸೇವೆ ಎಂಬುದು ಮಾರಾಟದ ಕರಪತ್ರಗಳು ಮೂಡಿಸಿದ್ದ ಭಾವನೆ. ಯಾವ ಊರಿನ ಯಾವ ಸರಪಳಿಯ ಯಾವ ಕೊಂಡಿ ಸವೆದಿದೆ ಎಂದು ಹೇಳುತ್ತಿದ್ದದ್ದು ಕೊಂಕು.

ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿದ್ದರೆ ಮುಕ್ತ ತಂತ್ರಾಂಶದ ಕಥೆ ನೋಡಬೇಕು. 2016ರ ಮಾರ್ಚ್‌ನಲ್ಲಿ ಒಬ್ಬ ಡೆವಲಪರ್, ಹೆಸರಿನ ಹಕ್ಕಿನ ಜಗಳದಿಂದ ಬೇಸತ್ತು, ತಾನು ಬರೆದ ಕೋಡ್‌ಗಳನ್ನೆಲ್ಲ ಸಾರ್ವಜನಿಕ ಭಂಡಾರದಿಂದ ತೆಗೆದುಬಿಟ್ಟ. ಅದರಲ್ಲಿದ್ದ ‘ಲೆಫ್ಟ್-ಪ್ಯಾಡ್’ ಹನ್ನೊಂದೇ ಸಾಲಿನದು, ಪದದ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಅದಿಲ್ಲದೆ ದೊಡ್ಡ ದೊಡ್ಡ ಕಂಪನಿಗಳ ಬಿಲ್ಡ್‌ಗಳು ಜಗತ್ತಿನಾದ್ಯಂತ ನಿಂತುಹೋದವು. 2020ರಲ್ಲಿ ಎಕ್ಸ್‌ಕೆಸಿಡಿ ವ್ಯಂಗ್ಯಚಿತ್ರಮಾಲೆ ಇದನ್ನೇ ಒಂದು ಚಿತ್ರವಾಗಿಸಿತು: ಇಡೀ ಡಿಜಿಟಲ್ ನಾಗರಿಕತೆ ಇಟ್ಟಿಗೆಗಳ ಗೋಪುರ, ಅದರ ಬುಡದಲ್ಲಿ ಅಮೆರಿಕದ ಯಾವುದೋ ಮೂಲೆಯ ಒಬ್ಬ ವ್ಯಕ್ತಿ ಯಾರ ಕೃತಜ್ಞತೆಯೂ ಇಲ್ಲದೆ ಕಾಪಾಡಿಕೊಂಡು ಬಂದ ಒಂದು ಸಣಕಲು ತುಂಡು. ಆಗ ಅದನ್ನು ನೋಡಿ ನಕ್ಕವರನ್ನು ಅತಿರೇಕದ ನಿರಾಶಾವಾದಿಗಳು ಎನ್ನಬಹುದಿತ್ತು. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ, ಸ್ವಯಂಸೇವಕರು ನೋಡಿಕೊಳ್ಳುತ್ತಿದ್ದ ಜಾವಾ ಲೈಬ್ರರಿಯ ಬಿರುಕು ಬಯಲಾಗಿ, ಸರ್ಕಾರಗಳೂ ಬ್ಯಾಂಕುಗಳೂ ವಾರಗಟ್ಟಲೆ ನಿದ್ದೆಗೆಟ್ಟವು. 2024ರ ಮಾರ್ಚ್‌ನಲ್ಲಿ ಬಂದದ್ದು ಇನ್ನೂ ಭಯಾನಕ. ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶವನ್ನು ಒಬ್ಬ ಡೆವಲಪರ್ ಬಹುತೇಕ ಒಂಟಿಯಾಗಿ ನಡೆಸಿಕೊಂಡು ಬಂದು ದಣಿದಿದ್ದ. ನೆರವಿನ ನೆಪದಲ್ಲಿ ಬಂದ ಹುಸಿ ಹೆಸರಿನವನೊಬ್ಬ ಎರಡು ವರ್ಷಕ್ಕೂ ಮೀರಿ ವಿಶ್ವಾಸ ಗಳಿಸಿ, ಕೊನೆಗೆ ಅದರೊಳಗೆ ಹಿಂಬಾಗಿಲು ಕೊರೆದ. ಅದು ಸಿಕ್ಕಿಬಿದ್ದದ್ದು ಯಾವ ಭದ್ರತಾ ಉದ್ಯಮದ ಎಚ್ಚರದಿಂದಲೂ ಅಲ್ಲ. ತನ್ನ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಸಂಶಯಪಟ್ಟದ್ದರಿಂದ. ಅನವಶ್ಯಕ ಎನ್ನಿಸುವಂಥ ಆ ಸಂಶಯ ಮತ್ತು ಕೊಂಕು ಮಾತು ಒಂದೇ ಸ್ವಭಾವದ ಎರಡು ಮುಖಗಳು. ಒಂದನ್ನು ಹೊಗಳಿ ಇನ್ನೊಂದನ್ನು ಹಳಿಯುವವರು ಈ ವೃತ್ತಿಯ ಮನಸ್ಸನ್ನು ಅರ್ಧವಷ್ಟೇ ಬಲ್ಲವರು.

ಶುಕ್ರವಾರ ಹೊಸ ಕೋಡ್ ಬಿಡಬೇಡಿ, ಕೆಟ್ಟರೆ ವಾರಾಂತ್ಯದಲ್ಲಿ ಸರಿಪಡಿಸುವವರಿರುವುದಿಲ್ಲ ಎಂಬ ಸವಕಲು ಬುದ್ಧಿವಾದವೂ ಇದೇ ಬಗೆಯದು. 2024ರ ಜುಲೈ 19 ಒಂದು ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಸಿದವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಕಂಪನಿಯೇ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, 21 ಮಾಹಿತಿ ಬೇಕೆಂದು ಕೇಳುವ ಕಡೆ 20 ಮಾತ್ರ ಒದಗಿಸಲಾಗಿತ್ತು, ಮತ್ತು ಈ ಬಗೆಯ ಕಡತವನ್ನು ಮೊದಲು ಕೆಲವೇ ಯಂತ್ರಗಳಿಗೆ ಕಳಿಸಿ ನೋಡುವ ಕ್ರಮ ಇರಲಿಲ್ಲ. ಹಂತಹಂತವಾಗಿ ಬಿಡುಗಡೆ ಮಾಡುವುದು ಈ ವೃತ್ತಿಯ ಅ ಆ ಇ ಈ. ಇದನ್ನು ಹೇಳಲು ಯಾವ ಗೂಢಜ್ಞಾನವೂ ಬೇಡ; ಶುಕ್ರವಾರದ ತಮಾಷೆ ಅದನ್ನು ಎಷ್ಟೋ ವರ್ಷಗಳಿಂದ ಹೇಳುತ್ತಲೇ ಬಂದಿದೆ.

ಈಗ ಇವತ್ತಿನ ಬಿಸಿ ವಿಷಯಕ್ಕೆ ಬರೋಣ. ಎಐ ಬಗ್ಗೆ ಡೆವಲಪರ್‌ಗಳು ಕೊಂಕು ಆಡಿದರೆ ಅದು ಭಯವೇ ಎಂದು ಬಹುಮಂದಿ ನಂಬಿದ್ದಾರೆ. ಭಯ ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಸಾಕ್ಷಿಗೆ ಸ್ವಂತ ಹಿತವಿದೆ ಎಂದ ಮಾತ್ರಕ್ಕೆ ಸಾಕ್ಷ್ಯ ಸುಳ್ಳಾಗುವುದಿಲ್ಲ. ಹಿತದ ಲೆಕ್ಕವನ್ನೇ ಹಿಡಿದರೆ ಹೂಡಿಕೆ ಎತ್ತಲು ಹೊರಟವರ ಭವಿಷ್ಯವಾಣಿಯನ್ನು ಮೊದಲು ತೂಗಬೇಕು. ಬೆಂಗಳೂರಿನಲ್ಲಿ ಸೈಟ್ ಕೊಳ್ಳುವವನು ದಲ್ಲಾಳಿಯ ಮಾತು ಕೇಳಿ ಸುಮ್ಮನಾಗುವುದಿಲ್ಲ, ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತದೆ ಎಂದು ಆ ಬೀದಿಯವರನ್ನು ವಿಚಾರಿಸುತ್ತಾನೆ. ಇನ್ನು ಭಯದ ಸಿದ್ಧಾಂತಕ್ಕೆ ನೇರ ತೊಡಕೊಂದಿದೆ: ನಗುವವರೇ ಬಳಸುವವರೂ ಹೌದು. 2025ರ ಸ್ಟ್ಯಾಕ್ ಓವರ್‌ಫ್ಲೋ ಸಮೀಕ್ಷೆಯಲ್ಲಿ ಶೇ. 84ರಷ್ಟು ಡೆವಲಪರ್‌ಗಳು ಎಐ ಉಪಕರಣಗಳನ್ನು ಬಳಸುತ್ತಿದ್ದೇವೆ ಅಥವಾ ಬಳಸಲಿದ್ದೇವೆ ಎಂದರು. ಅವುಗಳ ಉತ್ತರದ ನಿಖರತೆಯನ್ನು ನಂಬುವುದಿಲ್ಲ ಎಂದವರು ಶೇ. 46, ನಂಬುತ್ತೇವೆ ಎಂದವರು ಶೇ. 33. ಹೆದರಿ ದೂರ ನಿಂತವರ ಅಂಕಿಗಳು ಹೀಗಿರುವುದಿಲ್ಲ. ದಿನವೂ ಕೈಯಲ್ಲಿ ಹಿಡಿದು, ಎಲ್ಲಿ ಜಾರುತ್ತದೆ ಎಂದು ಕಂಡುಕೊಂಡವರ ಅಂಕಿಗಳು ಇವು.

ಅವರು ನಕ್ಕದ್ದಾದರೂ ಯಾವುದಕ್ಕೆ? 2024ರ ಮಾರ್ಚ್‌ನಲ್ಲಿ ‘ಡೆವಿನ್’ ಎಂಬುದನ್ನು ಜಗತ್ತಿನ ಮೊದಲ ಎಐ ಸಾಫ್ಟ್‌ವೇರ್ ಎಂಜಿನಿಯರ್ ಎಂದು ಪರಿಚಯಿಸಲಾಯಿತು. ಅದರ ತಯಾರಕರೇ ಹೆಮ್ಮೆಯಿಂದ ಕೊಟ್ಟ ಅಂಕಿಯಂತೆ, ಅಳತೆಗೋಲಿನ ಪರೀಕ್ಷೆಯಲ್ಲಿ ಅದು ಬಿಡಿಸಿದ್ದು ಶೇ. 13.86 ಸಮಸ್ಯೆಗಳನ್ನು. ಆ ಕಾಲಕ್ಕೆ ಅದು ನಿಜವಾಗಿಯೂ ದೊಡ್ಡ ಜಿಗಿತ. ಆದರೆ ಏಳರಲ್ಲಿ ಆರು ಸಲ ಸೋಲುವವನಿಗೆ ಎಂಜಿನಿಯರ್ ಎಂಬ ಹುದ್ದೆ ಕೊಡುವುದನ್ನು ಕಂಡು ಎಂಜಿನಿಯರುಗಳು ನಗದೆ ಇನ್ನೇನು ಮಾಡಬೇಕಿತ್ತು? 2025ರ ಜುಲೈನಲ್ಲಿ ರೆಪ್ಲಿಟ್ ಕಂಪನಿಯ ಎಐ ಏಜೆಂಟ್, ಯಾವ ಬದಲಾವಣೆಯನ್ನೂ ಮಾಡಕೂಡದೆಂಬ ಸೂಚನೆ ಇದ್ದಾಗಲೇ, ಒಬ್ಬ ಉದ್ಯಮಿಯ ಚಾಲ್ತಿ ಡೇಟಾಬೇಸನ್ನು ಅಳಿಸಿಹಾಕಿತು. ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿ, ಪ್ರಯೋಗದ ಡೇಟಾಬೇಸನ್ನೂ ಚಾಲ್ತಿಯದನ್ನೂ ಬೇರ್ಪಡಿಸುವುದಾಗಿ ಹೇಳಿದರು. ಬೇರ್ಪಡಿಸುವುದು ಎಂದಿನಿಂದಲೂ ಮೊದಲ ಪಾಠವಾಗಿತ್ತು. 2025ರ ಮಾರ್ಚ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್‌ನ ಮುಖ್ಯಸ್ಥ ಡಾರಿಯೊ ಅಮೊಡೈ ಮೂರರಿಂದ ಆರು ತಿಂಗಳೊಳಗೆ ಶೇ. 90ರಷ್ಟು ಕೋಡನ್ನು ಎಐ ಬರೆಯುತ್ತಿರುತ್ತದೆ ಎಂದಾಗ ಕೇಳಿಬಂದ ಕೊಂಕು ಗಡುವಿನ ಬಗ್ಗೆ ಅಷ್ಟಾಗಿ ಇರಲಿಲ್ಲ, ಅಳತೆಯ ಬಗ್ಗೆ ಇತ್ತು. ಸಾಲು ಎಣಿಸಿ ಕೆಲಸ ಅಳೆಯುವುದು ಮೂರ್ಖತನ ಎಂದು ಈ ವೃತ್ತಿ ದಶಕಗಳ ಹಿಂದೆಯೇ ಕಲಿತಿದೆ. ಏನನ್ನು ಬರೆಯಬೇಕು, ಏನನ್ನು ಬರೆಯಬಾರದು, ಕೆಟ್ಟರೆ ಉತ್ತರ ಕೊಡುವವರು ಯಾರು ಎಂಬುದರಲ್ಲಿದೆ ಕೆಲಸ. ವೈದ್ಯಲೋಕದ ಉದಾಹರಣೆಯೂ ಎದುರಿಗಿದೆ: ಎಐ ವಿಜ್ಞಾನಿ ಜೆಫ್ರಿ ಹಿಂಟನ್ 2016ರಲ್ಲಿ ರೇಡಿಯಾಲಜಿಸ್ಟರ ತರಬೇತಿಯನ್ನು ಈಗಲೇ ನಿಲ್ಲಿಸಬೇಕು ಎಂದಿದ್ದರು. ಅವರ ಮಾತು ಕೇಳಿದ್ದರೆ ಇಂದಿನ ರೇಡಿಯಾಲಜಿಸ್ಟರ ಕೊರತೆ ಇನ್ನೆಷ್ಟಾಗುತ್ತಿತ್ತೋ.

ಲೇಆಫ್ ಸುದ್ದಿಗಳಿಗೆ ಬರುವ ಕೊಂಕನ್ನೂ ಇದೇ ತಕ್ಕಡಿಯಲ್ಲಿಡಬಹುದು. ಕೆಲಸ ಹೋದದ್ದು ಎಐಯಿಂದ ಎಂಬ ಸುದ್ದಿ ಓದಿ ‘ನೆಪಕ್ಕೊಂದು ಹೆಸರು ಸಿಕ್ಕಿತು’ ಎನ್ನುವವರ ಕೈಯಲ್ಲಿ ಕ್ಯಾಲೆಂಡರ್ ಇದೆ. ಮೆಟಾ ಒಂದೇ ಏಟಿಗೆ 11,000 ಮಂದಿಯನ್ನು ತೆಗೆದದ್ದು 2022ರ ನವೆಂಬರ್ 9ರಂದು, ಚಾಟ್‌ಜಿಪಿಟಿ ಸಾರ್ವಜನಿಕರ ಮುಂದೆ ಬಂದದ್ದು ಆ ತಿಂಗಳ 30ರಂದು. ಸಾಂಕ್ರಾಮಿಕದ ದಿನಗಳ ಬೆಳವಣಿಗೆ ಹೀಗೇ ಮುಂದುವರಿಯುತ್ತದೆಂದು ತಪ್ಪು ಲೆಕ್ಕ ಹಾಕಿದೆ ಎಂದು ಮೆಟಾದ ಮುಖ್ಯಸ್ಥ ಜುಕರ್‌ಬರ್ಗ್ ಆಗ ತಾವೇ ಒಪ್ಪಿಕೊಂಡಿದ್ದರು. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ. 2, ಅಂದರೆ 12,000ಕ್ಕೂ ಹೆಚ್ಚು ಮಂದಿಯನ್ನು ಕೈಬಿಡುವುದಾಗಿ ಹೇಳಿದಾಗ ಸುದ್ದಿವಾಹಿನಿಗಳು ಎಐಯತ್ತ ಬೆರಳು ಮಾಡಿದವು. ಎಐಯಿಂದ ಉತ್ಪಾದಕತೆ ಹೆಚ್ಚಿದ್ದು ಇದಕ್ಕೆ ಕಾರಣವಲ್ಲ ಎಂದು ಕಂಪನಿಯ ಮುಖ್ಯಸ್ಥರೇ ಹೇಳಬೇಕಾಯಿತು.

ಎದುರಾಳಿಗಳ ಬಳಿ ಒಳ್ಳೆಯ ಬಾಣಗಳೂ ಇವೆ. 2001ರಲ್ಲಿ ಐಪಾಡ್ ಬಂದಾಗ, ಇದರಲ್ಲಿ ವೈರ್‌ಲೆಸ್ ಇಲ್ಲ, ಜಾಗವೂ ಕಡಿಮೆ ಎಂದು ಮೂಗು ಮುರಿದವರು ತಂತ್ರಜ್ಞರೇ. 2007ರಲ್ಲಿ ಕಡತಗಳನ್ನು ಅಂತರ್ಜಾಲದಲ್ಲಿಡುವ ಡ್ರಾಪ್‌ಬಾಕ್ಸ್ ಮೊದಲು ಪರಿಚಯವಾದಾಗ, ಲಿನಕ್ಸ್ ಬಲ್ಲ ಯಾರು ಬೇಕಾದರೂ ಇದನ್ನು ತಾವೇ ಹೊಂದಿಸಿಕೊಳ್ಳಬಹುದಲ್ಲ ಎಂದವರೂ ಅವರೇ. ಎರಡೂ ಕೊಂಕು ನೆಲಕಚ್ಚಿದವು. ಆದರೆ ಸೋತ ಕೊಂಕುಗಳನ್ನು ಒಂದು ಕಡೆ, ಗೆದ್ದವನ್ನು ಇನ್ನೊಂದು ಕಡೆ ಇಟ್ಟು ನೋಡಿದರೆ ಗೆರೆ ಸ್ಪಷ್ಟವಾಗಿದೆ. ಜನರಿಗೆ ಏನು ಬೇಕು ಎಂಬುದರಲ್ಲಿ ಡೆವಲಪರ್‌ಗಳ ನಗು ಪದೇಪದೇ ಸೋತಿದೆ. ಜನರ ರುಚಿ ತಿಳಿಯುವುದು ಅವರ ವಿದ್ಯೆಯಲ್ಲ, ತಮ್ಮಂತೆಯೇ ಎಲ್ಲರೂ ಎಂದು ಭಾವಿಸುವುದು ಅವರ ಹಳೆಯ ರೋಗ. ವಸ್ತು ಎಲ್ಲಿ ಮುರಿಯುತ್ತದೆ, ಯಾರ ಮೇಲೆ ಬೀಳುತ್ತದೆ, ಡೆಮೊಗೂ ದಿನನಿತ್ಯದ ಬಳಕೆಗೂ ಎಷ್ಟು ದೂರ ಎಂಬ ಪ್ರಶ್ನೆಗಳಲ್ಲಿ ಅದೇ ನಗುವಿನ ಕಥೆ ಬೇರೆ. ಮೊದಲನೆಯದರ ಸೋಲನ್ನು ತೋರಿಸಿ ಎರಡನೆಯದರ ಬಾಯಿ ಮುಚ್ಚಿಸುವುದು ಇಂದು ನಡೆಯುತ್ತಿರುವ ಕೈಚಳಕ.

ಇನ್ನೊಂದು ಬಾಣ ಇದಕ್ಕಿಂತ ಚೂಪು. ಮೀಟರ್ ಎಂಬ ಸಂಶೋಧನಾ ಸಂಸ್ಥೆ 2025ರಲ್ಲಿ 16 ಮಂದಿ ಅನುಭವಿ ಡೆವಲಪರ್‌ಗಳಿಗೆ ಅವರದೇ ಪ್ರಾಜೆಕ್ಟ್‌ಗಳ 246 ಕೆಲಸಗಳನ್ನು ಕೊಟ್ಟು, ಕೆಲವನ್ನು ಎಐ ನೆರವಿನಿಂದಲೂ ಕೆಲವನ್ನು ಅದಿಲ್ಲದೆಯೂ ಮಾಡಿಸಿತು. ಎಐ ಇದ್ದಾಗ ಅವರಿಗೆ ಶೇ. 19ರಷ್ಟು ಹೆಚ್ಚು ಸಮಯ ಹಿಡಿಯಿತು. ಕೆಲಸ ಮುಗಿದ ಮೇಲೂ ಅವರು ತಾವು ಶೇ. 20ರಷ್ಟು ಬೇಗ ಮುಗಿಸಿದೆವೆಂದೇ ನಂಬಿದ್ದರು. ಸ್ವಂತ ಕೆಲಸದ ವೇಗವನ್ನೇ ತಪ್ಪಾಗಿ ಅಂದಾಜಿಸುವವರ ಸಂಶಯಕ್ಕೆ ಬೆಲೆ ಏನು? ಪ್ರಯೋಗ ಸಣ್ಣದು, ಆಮೇಲೆ ಉಪಕರಣಗಳೂ ಬದಲಾಗಿವೆ. ಅದನ್ನು ಸಾರ್ವತ್ರಿಕ ಸತ್ಯ ಮಾಡುವುದು ತಪ್ಪು. ಆದರೂ ಅವರು ತಪ್ಪಿದ್ದು ಯಾವ ದಿಕ್ಕಿಗೆ ಎಂದು ನೋಡಿ. ಹುಟ್ಟಾ ನಿರಾಶಾವಾದಿಗಳಾಗಿದ್ದರೆ ಉಪಕರಣವನ್ನು ಹೀಗಳೆಯಬೇಕಿತ್ತು. ಅವರು ಹೊಸದನ್ನು ಇದ್ದದ್ದಕ್ಕಿಂತ ಹೆಚ್ಚು ಮೆಚ್ಚಿದರು. ಎಂಜಿನಿಯರುಗಳ ನಿಜವಾದ ದೌರ್ಬಲ್ಯ ಉತ್ಸಾಹ. ಕೊಂಕು ಅದಕ್ಕೆ ಅವರೇ ಹಾಕಿಕೊಂಡ ಮೂಗುದಾರ.

ನಕಾರಾತ್ಮಕತೆಯ ಆರೋಪಕ್ಕೆ ಚರಿತ್ರೆಯಲ್ಲೇ ಉತ್ತರವಿದೆ. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟ ಹಳೆಯ ಪ್ರೋಗ್ರಾಮ್‌ಗಳು 2000ನೆಯ ಇಸವಿ ಬಂದೊಡನೆ ತಪ್ಪು ಲೆಕ್ಕ ಹಾಕುತ್ತವೆ ಎಂದು ಎಚ್ಚರಿಸಿದವರು ಪ್ರೋಗ್ರಾಮರ್‌ಗಳು. ಎಚ್ಚರಿಸಿ ಕೈಕಟ್ಟಿ ಕೂರಲಿಲ್ಲ; ಕೋಟ್ಯಂತರ ಸಾಲುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ತಿದ್ದಿದರು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಅಮೆರಿಕದ ಕಂಪನಿಗಳ ಒಳಮನೆ ಪ್ರವೇಶಿಸಿದ್ದರಲ್ಲಿ ಆ ಕೆಲಸದ ಪಾಲು ದೊಡ್ಡದು. ಜನವರಿ 1ರಂದು ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ, ಹಾಗಾಗಿ ಇಡೀ ಸಂಗತಿ ಸುಮ್ಮನೆ ಎಬ್ಬಿಸಿದ ಗುಲ್ಲು ಎಂದು ಜಗತ್ತು ತೀರ್ಮಾನಿಸಿತು. ಕೆಟ್ಟಿದ್ದರೆ ಡೆವಲಪರ್‌ಗಳ ತಪ್ಪು, ಕೆಡದಿದ್ದರೆ ಅವರ ಅತಿಶಯ. ಈ ನ್ಯಾಯದ ಕೆಳಗೆ ಬದುಕುವವರ ಮಾತು ಓರೆಯಾಗಿ ಬಂದರೆ ಆಶ್ಚರ್ಯವೇನೂ ಇಲ್ಲ.

ನಾನು ಸುಲಭವಾಗಿ ತಳ್ಳಿಹಾಕಲಾರದ ಆಕ್ಷೇಪ ಒಂದೇ, ಅದು ಎಡಗಡೆಯಿಂದ ಬರುವಂಥದ್ದು: ಕೊಂಕು ಆಡಿ ಹಗುರಾಗುವವನು ಮರುಗಳಿಗೆ ಅದೇ ಕೆಲಸ ಮಾಡುತ್ತಾನೆ, ನಗು ಪ್ರತಿಭಟನೆಯ ಜಾಗವನ್ನು ತಿಂದುಹಾಕುತ್ತದೆ. ಕೆಲವೊಮ್ಮೆ ಹಾಗಾಗದಿರುವುದೂ ಉಂಟು. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್, ಪರದೆಯ ಮೇಲಿನದನ್ನೆಲ್ಲ ಆಗಾಗ ಚಿತ್ರ ತೆಗೆದಿಡುವ ‘ರಿಕಾಲ್’ ಸೌಲಭ್ಯ ಘೋಷಿಸಿದಾಗ ಭದ್ರತಾ ತಜ್ಞರ ಗೇಲಿ ಎಷ್ಟು ನಿಖರವಾಗಿತ್ತೆಂದರೆ, ಜೂನ್‌ನಲ್ಲಿ ಕಂಪನಿ ಬಿಡುಗಡೆಯನ್ನು ಮುಂದೂಡಿ ರಚನೆಯನ್ನೇ ಬದಲಿಸಿತು. ಅದೇ ವರ್ಷ ಐಟಿ ಉದ್ಯೋಗಿಗಳ ದಿನದ ದುಡಿಮೆಯನ್ನು 14 ಗಂಟೆಗಳವರೆಗೆ ಚಾಚುವ ಪ್ರಸ್ತಾಪ ಕರ್ನಾಟಕ ಸರ್ಕಾರದ ಮುಂದೆ ಬಂದಾಗ ಆ ಉದ್ಯೋಗಿಗಳದೇ ಕಾರ್ಮಿಕ ಸಂಘಟನೆ ಕಿಟು ಬೀದಿಗಿಳಿಯಿತು. ಆದರೆ ಇಂಥವು ವಿರಳ. ಮೀಟಿಂಗಿನ ಹೊರಗೆ ನೂರು ಕೊಂಕು ಕೇಳಿದರೆ ಒಳಗೆ ಒಂದು ಪ್ರಶ್ನೆಯೂ ಏಳುವುದಿಲ್ಲ. ಅದಕ್ಕೆ ಕಾರಣ ಕೊಂಕಿನ ಗುಣಕ್ಕಿಂತ ಮೀಟಿಂಗಿನ ಗುಣ ಎಂಬುದು ನನ್ನ ಅಭಿಪ್ರಾಯ. ನೇರ ಮಾತಿಗೆ ಅಪ್ರೈಸಲ್‌ನಲ್ಲಿ ಬೆಲೆ ತೆರಬೇಕಾದ ಕಡೆ ಜ್ಞಾನ ಓರೆ ದಾರಿಗಳನ್ನೇ ಹುಡುಕುತ್ತದೆ.

ಆ ದಾರಿಯೂ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ನಿನ ಅಂಚೆ ಸಂಸ್ಥೆಯ ಪ್ರಕರಣ ತೋರಿಸಿದೆ. ಫುಜಿತ್ಸು ಕಂಪನಿ ನಡೆಸುತ್ತಿದ್ದ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶ ತೋರಿಸಿದ ಕೊರತೆಯನ್ನು ನಂಬಿ, 1999ರಿಂದ 2015ರವರೆಗೆ ಅಂಚೆ ಕಚೇರಿ ನಡೆಸುವ 900ಕ್ಕೂ ಹೆಚ್ಚು ಮಂದಿಯನ್ನು ಕಳ್ಳತನ, ವಂಚನೆ, ಸುಳ್ಳು ಲೆಕ್ಕದ ಅಪರಾಧಿಗಳೆಂದು ಸಾರಲಾಯಿತು. ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಪ್ರಾಸಿಕ್ಯೂಷನ್ ರುಜುವಾತು ಮಾಡಬೇಕೆಂದಿದ್ದ ನಿಯಮವನ್ನು ಅಲ್ಲಿನ ಸಂಸತ್ತು 1999ರ ಕಾಯ್ದೆಯಲ್ಲಿ ಕಿತ್ತುಹಾಕಿತ್ತು. ಇಲ್ಲವೆಂದು ತೋರಿಸುವ ಹೊಣೆ ಆರೋಪಿಯ ತಲೆಗೆ ಬಿತ್ತು. ಈ ಹೊಸ ನಿಯಮ ಯಾವ ಡೆವಲಪರ್ ಕಿವಿಗೆ ಬಿದ್ದರೂ ಅವನು ನಗುತ್ತಿದ್ದ. ತಂತ್ರಾಂಶದಲ್ಲಿ ದೋಷಗಳಿವೆ, ಕಚೇರಿಗಳ ಲೆಕ್ಕವನ್ನು ದೂರದಿಂದಲೇ ತಿದ್ದಬಹುದು ಎಂಬುದು ಫುಜಿತ್ಸುವಿನ ಬ್ರ್ಯಾಕ್‌ನೆಲ್ ಕಚೇರಿಯಲ್ಲಿ 2001ರಿಂದ 2004ರವರೆಗೆ ದುಡಿದ ರಿಚರ್ಡ್ ರೋಲ್‌ಗೆ ಗೊತ್ತಿತ್ತು. ಅವರು ಅದನ್ನು ಬಿಬಿಸಿಯ ಕ್ಯಾಮೆರಾ ಮುಂದೆ ಹೇಳಿದ್ದು 2015ರಲ್ಲಿ, ಹೈಕೋರ್ಟ್ ಅದನ್ನು ಒಪ್ಪಿದ್ದು 2019ರ ಡಿಸೆಂಬರ್‌ನಲ್ಲಿ. ಅದಕ್ಕೂ ಮೊದಲೇ, 2010ರಲ್ಲಿ, ಸರ್ರೆಯ ವೆಸ್ಟ್ ಬೈಫ್ಲೀಟ್‌ನಲ್ಲಿ ಅಂಚೆ ಕಚೇರಿ ನಡೆಸುತ್ತಿದ್ದ ಭಾರತೀಯ ಮೂಲದ ಸೀಮಾ ಮಿಶ್ರಾ ಗರ್ಭಿಣಿಯಾಗಿದ್ದಾಗಲೇ 15 ತಿಂಗಳ ಸಜೆಗೆ ಗುರಿಯಾಗಿ ಜೈಲು ಸೇರಿದ್ದರು. ಅವರ ಶಿಕ್ಷೆ ರದ್ದಾದದ್ದು 2021ರ ಏಪ್ರಿಲ್‌ನಲ್ಲಿ, ಇತರ 38 ಮಂದಿಯ ಜೊತೆಗೆ.